ಹಿತವೆನಿಸದ ಹನಿಯೇ ಕಣ್ಣು ಕಾಯುತ್ತದೆ

ಔಷಧದ ಗುಣವನ್ನು ನಾವು ಅಳೆಯುವುದು ಅದು ಕೊಡುವ ಆರಾಮದಿಂದ. ಮಾತ್ರೆ ನುಂಗಿದರೆ ತಲೆನೋವು ಇಳಿಯಬೇಕು, ಸಿರಪ್ ಕುಡಿದರೆ ಕೆಮ್ಮು ನಿಲ್ಲಬೇಕು. ಗ್ಲಾಕೋಮಾದ ವಿಷಯದಲ್ಲಿ ಈ ಅಳತೆ ದಾರಿ ತಪ್ಪಿಸುತ್ತದೆ. ಈ ಕಾಯಿಲೆಗೆ ಹಾಕುವ ಹನಿಯಿಂದ ದೃಷ್ಟಿಯೇನೂ ತಿಳಿಯಾಗುವುದಿಲ್ಲ. ಎಷ್ಟೋ ಸಲ ಕಣ್ಣು ಉರಿಯುತ್ತದೆ, ಕೆಂಪಾಗುತ್ತದೆ. ಅದೇ, ಕಣ್ಣು ತುರಿಸಿದಾಗ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ ಒಂದೆರಡು ದಿನದಲ್ಲೇ ಹಾಯೆನಿಸುತ್ತದೆ. ಆದರೆ ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾವನ್ನೇ ತರಬಲ್ಲದು. ಜನ ಮೊದಲಿನದನ್ನು ನಡುವೆಯೇ ಬಿಡುತ್ತಾರೆ, ಎರಡನೆಯದನ್ನು ಬಿಡದೆ ಹಾಕುತ್ತಾರೆ. ಕಣ್ಣಿಗೆ ಹೇಗನಿಸಿತು ಎಂಬುದನ್ನು ಬಿಟ್ಟು, ಪರೀಕ್ಷೆ ಏನು ಹೇಳಿತು ಎಂಬುದರಿಂದ ಈ ಹನಿಗಳನ್ನು ತೂಗಲು ಕಲಿಯದೆ ದೃಷ್ಟಿ ಉಳಿಯದು.

ಕಾಯಿಲೆಯ ಸ್ವಭಾವವೇ ಇದಕ್ಕೆ ಕಾರಣ. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಹುಟ್ಟುತ್ತಾ, ಜರಡಿಯಂಥ ಅಂಗಾಂಶದ ಮೂಲಕ ಹೊರಹೋಗುತ್ತಿರುತ್ತದೆ. ಅಲ್ಲಿ ತಡೆಯಾದರೆ ಒಳಗಿನ ಒತ್ತಡ ಏರಿ, ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ ಸವೆಯುತ್ತದೆ. ಸಾಮಾನ್ಯ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್ ಎನ್ನುತ್ತಾರೆ. ಆದರೆ ಅಷ್ಟರೊಳಗಿದ್ದೂ ನರ ಕೆಡುವವರಿದ್ದಾರೆ. ಮೊದಲು ಹೋಗುವುದು ಅಂಚಿನ ನೋಟ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುವುದರಿಂದ ನಷ್ಟ ಗೊತ್ತೇ ಆಗುವುದಿಲ್ಲ. ಪೊರೆ ಬಂದರೆ ಆಪರೇಷನ್ ಮಾಡಿಸಿ ನೋಟ ಮರಳಿ ಪಡೆಯಬಹುದು, ಸತ್ತ ನರ ಮತ್ತೆ ಚಿಗುರದು. ಚೆನ್ನೈ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಈ ಕಾಯಿಲೆ ಇದ್ದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದರ ಅರಿವೇ ಇರಲಿಲ್ಲ.

ಹಿತವೆನಿಸದ ಹನಿ ನಿಜಕ್ಕೂ ಕೆಲಸ ಮಾಡುತ್ತದೆಯೇ? 1870ರ ದಶಕದಲ್ಲಿ ಪೈಲೋಕಾರ್ಪಿನ್ ಬಂದಾಗಿನಿಂದ ವೈದ್ಯರು ಹನಿಗಳಿಂದ ಒತ್ತಡ ಇಳಿಸುತ್ತಿದ್ದಾರೆ. 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಿಮೊಲಾಲ್ ದ್ರವದ ಉತ್ಪತ್ತಿಯನ್ನು ತಗ್ಗಿಸಿತು. 1996ರಲ್ಲಿ ಬಂದ ಲಟಾನೊಪ್ರೋಸ್ಟ್ ಆ ದ್ರವ ಹೊರಹರಿಯುವ ದಾರಿಯನ್ನು ಸುಗಮಗೊಳಿಸಿತು. ಒತ್ತಡ ಇಳಿದರೆ ನೋಟವೂ ಉಳಿಯುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಧ್ಯಯನವೊಂದು ನೇರ ಸಾಕ್ಷಿ. 2015ರಲ್ಲಿ ಪ್ರಕಟವಾದ ಅದರಲ್ಲಿ ಅರ್ಧ ರೋಗಿಗಳಿಗೆ ಲಟಾನೊಪ್ರೋಸ್ಟ್, ಉಳಿದರ್ಧಕ್ಕೆ ಔಷಧವಿಲ್ಲದ ಹನಿ ಕೊಟ್ಟಿದ್ದರು. ಎರಡು ವರ್ಷದಲ್ಲಿ, ಔಷಧ ಸಿಗದವರಲ್ಲಿ ನೂರಕ್ಕೆ ಸುಮಾರು 26 ಮಂದಿಯ ದೃಷ್ಟಿವ್ಯಾಪ್ತಿ ಕುಗ್ಗಿತು. ಸಿಕ್ಕವರಲ್ಲಿ 15 ಮಂದಿಯದು. ಆ ಹನ್ನೊಂದು ಮಂದಿಗೆ ಲಾಭವಾಯಿತೆಂದು ಅವರ ಕಣ್ಣು ಹೇಳುವುದಿಲ್ಲ, ಲೆಕ್ಕ ಹೇಳುತ್ತದೆ.

ಸ್ಟಿರಾಯ್ಡ್ ಹನಿಯ ಕಥೆ ಇದರ ತಿರುವುಮುರುವು. ವೈದ್ಯರ ಕಣ್ಗಾವಲಿನಲ್ಲಿ ಅದು ಬೆಲೆಬಾಳುವ ಔಷಧ. ಆಪರೇಷನ್ ಆದ ಮೇಲೆ, ಕಣ್ಣಿನೊಳಗಿನ ಉರಿಯೂತದಲ್ಲಿ ಅದಿಲ್ಲದೆ ಆಗದು. ಆದರೆ ವಾರಗಟ್ಟಲೆ ಹಾಕಿದಾಗ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ, ಕೆಲವರಿಗೆ ತೀರಾ ಹೆಚ್ಚು. ಗ್ಲಾಕೋಮಾ ಇರುವವರಿಗೂ ಅವರ ರಕ್ತಸಂಬಂಧಿಗಳಿಗೂ ಅಪಾಯ ಇನ್ನೂ ಜಾಸ್ತಿ. ಬೇಸಿಗೆ ಬಂತೆಂದರೆ ಅಲರ್ಜಿಯಿಂದ ಕಣ್ಣುಜ್ಜುವ ಮಕ್ಕಳಿಗೆ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಅದೇ ಬಾಟಲಿ ತರುವ ರೂಢಿ ಇದರಿಂದಾಗಿಯೇ ಭಯ ಹುಟ್ಟಿಸುವಂಥದ್ದು. ತುರಿಕೆ ನಿಂತಿತೆಂದು ಮನೆಯವರು ನೆಮ್ಮದಿಯಾಗಿರುವಾಗ ಮಗುವಿನ ನರ ಸವೆಯುತ್ತಿರಬಹುದು.

ಗ್ಲಾಕೋಮಾ ಹನಿಯನ್ನು ಬಿಡದೆ ಹಾಕಬೇಕೆಂಬ ಮಾತಿಗೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಕಣ್ಣಿನ ಒತ್ತಡ ಹೆಚ್ಚಿದವರೆಲ್ಲ ಕುರುಡಾಗುವುದಿಲ್ಲವಲ್ಲ ಎನ್ನಬಹುದು. ನಿಜ. ಒತ್ತಡ ಹೆಚ್ಚಿದ್ದರೂ ನರ ಚೆನ್ನಾಗಿದ್ದ 1,600ಕ್ಕೂ ಹೆಚ್ಚು ಜನರನ್ನು ಅಮೆರಿಕದಲ್ಲಿ ಐದು ವರ್ಷ ಗಮನಿಸಿದಾಗ, ಹನಿ ಹಾಕದವರಲ್ಲೂ ಶೇ 9.5ರಷ್ಟು ಮಂದಿಗೆ ಮಾತ್ರ ಗ್ಲಾಕೋಮಾ ಬಂತು. ಹಾಕಿದವರಲ್ಲಿ ಅದು ಶೇ 4.4ಕ್ಕೆ ಇಳಿಯಿತು. ಅಂದರೆ ಎಲ್ಲರಿಗೂ ಹನಿ ಬೇಕಿಲ್ಲ. ಯಾರಿಗೆ ಬೇಕೆಂಬುದನ್ನು ಪರೀಕ್ಷೆ ತೀರ್ಮಾನಿಸಬೇಕು. ಅಡ್ಡಪರಿಣಾಮಗಳ ಮಾತೂ ಸುಳ್ಳಲ್ಲ. ಟಿಮೊಲಾಲ್ ಅಸ್ತಮಾ ಇರುವವರಿಗೆ ಅಪಾಯಕಾರಿ, ಲಟಾನೊಪ್ರೋಸ್ಟ್ ಕಣ್ಣಿನ ಸುತ್ತ ಕಪ್ಪು ತರಬಹುದು. ಆದರೆ ಒಂದು ಹನಿ ಒಗ್ಗದಿದ್ದರೆ ಬೇರೆ ಬಗೆಯದಿದೆ, ಲೇಸರ್ ಇದೆ, ಆಪರೇಷನ್ ಇದೆ. ಬ್ರಿಟನ್ನಿನಲ್ಲೇ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊದಲೇ ಲೇಸರ್ ಮಾಡಿಸಿಕೊಂಡವರ ಪೈಕಿ ಸುಮಾರು ಮುಕ್ಕಾಲು ಭಾಗ ಕಣ್ಣುಗಳ ಒತ್ತಡ ಮೂರು ವರ್ಷವೂ ಹನಿಯಿಲ್ಲದೆ ಹತೋಟಿಯಲ್ಲಿತ್ತು. ಬದುಕಿಡೀ ಔಷಧ ಕೊಳ್ಳಲಾಗದವರ ಮುಂದೆ ವೈದ್ಯರು ಈ ದಾರಿಯನ್ನು ಮೊದಲೇ ತೆರೆದಿಡಬೇಕು. ಬೇರೆ ದಾರಿ ಇದೆ ಎಂಬುದು ಇದ್ದ ಹನಿಯನ್ನು ಹೇಳದೆ ನಿಲ್ಲಿಸಲು ಕಾರಣವಾಗದು.

ರೋಗಿಯನ್ನು ಬೈದು ಪ್ರಯೋಜನವಿಲ್ಲ. ಫಲ ಕಾಣದ ಕೆಲಸವನ್ನು ವರ್ಷಗಟ್ಟಲೆ ಮಾಡೆನ್ನುವಾಗ ಫಲವನ್ನು ತೋರಿಸುವ ಹೊಣೆ ವೈದ್ಯರದು. ಹಿಂದಿನ ಮತ್ತು ಇಂದಿನ ಒತ್ತಡದ ಅಂಕಿ, ದೃಷ್ಟಿವ್ಯಾಪ್ತಿಯ ನಕ್ಷೆ ರೋಗಿಯ ಕೈಯಲ್ಲಿರಲಿ, ಅವರ ಭಾಷೆಯಲ್ಲೇ ವಿವರಣೆ ಸಿಗಲಿ. ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ ಹರಿಯುತ್ತದೆ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಮೈಗೆ ಸೇರುವುದು ತಗ್ಗುತ್ತದೆ. ಎರಡು ಔಷಧಗಳ ನಡುವೆ ಐದು ನಿಮಿಷ ಬಿಡಬೇಕು. ಇಷ್ಟನ್ನು ಕೈಹಿಡಿದು ಕಲಿಸಬೇಕು. ಔಷಧದಂಗಡಿಯವರು ಹೊಸ ಚೀಟಿಯಿಲ್ಲದೆ ಸ್ಟಿರಾಯ್ಡ್ ಹನಿ ಕೊಡಬಾರದು. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಗ್ಲಾಕೋಮಾ ಇರುವವರು, ತೊಂದರೆ ಕಾಣಿಸಲಿ ಎಂದು ಕಾಯದೆ ಕಣ್ಣು ತೋರಿಸಬೇಕು. ಈ ಕಾಯಿಲೆಯಲ್ಲಿ ತೊಂದರೆ ಕಾಣಿಸುವ ಹೊತ್ತಿಗೆ ಉಳಿಸಬಹುದಾದ ನೋಟದ ದೊಡ್ಡ ಪಾಲು ಹೋಗಿಯೇ ಇರುತ್ತದೆ.