ವೇಗವನ್ನು ತಾಳುವ ಗುಂಡು

1946ನೆಯ ಇಸವಿಯ ಮಾತು. ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ಲಾರಿ ಸಾರಿಗೆಯ ಉದ್ಯಮ ನಡೆಸುತ್ತಿದ್ದ ಜಾನ್ ನೋಸ್ಲರ್ ಎಂಬಾತನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತಕ್ಕೆ ಬೇಟೆಗೆ ಹೋಗಿದ್ದನು. ಅಲ್ಲಿ ಅವನಿಗೆ ಎದುರಾದುದು ಒಂದು ಗಂಡು ಮೂಸ್. ಜಿಂಕೆಯ ಕುಲದಲ್ಲೆಲ್ಲ ಅತ್ಯಂತ ದೊಡ್ಡ ಪ್ರಾಣಿ ಇದು. ನಮ್ಮ ಕಡವೆಯೂ ಇದರ ಮುಂದೆ ಚಿಕ್ಕದು. ಅದರ ಮೈಗೆ ಕೆಸರು ಮೆತ್ತಿ ಒಣಗಿ ಗಟ್ಟಿಯಾಗಿತ್ತು. ನೋಸ್ಲರನ ಕೈಯಲ್ಲಿದ್ದುದು .300 ಎಚ್ ಆಂಡ್ ಎಚ್ ಮ್ಯಾಗ್ನಮ್ ತೋಟಾದ ಕೋವಿ, ಆ ಕಾಲದ ಅತಿವೇಗದ ಬೇಟೆಯ ಕೋವಿಗಳಲ್ಲೊಂದು. ಆದರೂ ಈಡಿನ ಮೇಲೆ ಈಡು ತಗುಲಿದರೂ ಪ್ರಾಣಿ ಬೀಳಲಿಲ್ಲ. ಗುಂಡುಗಳು ಗುರಿ ತಪ್ಪಿರಲಿಲ್ಲ. ಮೈಯನ್ನು ಹೊಕ್ಕೊಡನೆಯೇ ಒಡೆದು ಚೂರಾಗಿ, ಒಳಗಿನ ಮರ್ಮಸ್ಥಾನಗಳನ್ನು ಮುಟ್ಟದೆ ಹೋಗಿದ್ದುವು.

ವೇಗ ಹೆಚ್ಚಿದಷ್ಟೂ ಗುಂಡು ಹೆಚ್ಚು ಆಳಕ್ಕೆ ಇಳಿಯಬೇಕಲ್ಲವೆ? ಇಲ್ಲಿ ಅದಕ್ಕೆ ವಿರುದ್ಧವಾದುದು ನಡೆಯಿತು. ಈ ಒಗಟನ್ನು ಬಿಡಿಸಲು ಬೇಕಾಗುವುದು ಪ್ರೌಢಶಾಲೆಯ ಭೌತಶಾಸ್ತ್ರವೇ. ಬೇಟೆಗಾರನು ತನ್ನ ಕೋವಿಗೆ ತೋಟಾ ಮತ್ತು ಗುಂಡನ್ನು ಆರಿಸುವಾಗ ತಿಳಿದೋ ತಿಳಿಯದೆಯೋ ಆ ಶಾಸ್ತ್ರವನ್ನೇ ಪ್ರಯೋಗಿಸುತ್ತಾನೆ. ತಪ್ಪಿ ನಡೆದರೆ ಅದರ ಫಲವನ್ನು ಉಣ್ಣುವುದು ಗಾಯಗೊಂಡು ಕಾಡಿನೊಳಕ್ಕೆ ಓಡಿದ ಪ್ರಾಣಿ.

ಮ್ಯಾಗ್ನಮ್ ಎಂದರೇನು?

‘ಮ್ಯಾಗ್ನಮ್’ ಎಂಬುದು ಲ್ಯಾಟಿನ್ ಶಬ್ದ. ‘ದೊಡ್ಡದು’ ಎಂದು ಅರ್ಥ. ಯೂರೋಪಿನಲ್ಲಿ ದ್ರಾಕ್ಷಾರಸದ ಎರಡು ಸೀಸೆಗಳಷ್ಟು ಹಿಡಿಸುವ ದೊಡ್ಡ ಸೀಸೆಗೆ ಈ ಹೆಸರುಂಟು. ಬ್ರಿಟನ್ನಿನ ಕೋವಿ ತಯಾರಕರು ಈ ಹೆಸರನ್ನು ಎರವಲು ಪಡೆದು, ವಾಡಿಕೆಗಿಂತ ಹೆಚ್ಚು ಮದ್ದು ಹಿಡಿಸುವ ತೋಟಾಗಳಿಗೆ ಇಟ್ಟರು. ನೋಸ್ಲರನು ಬಳಸಿದ .300 ಮ್ಯಾಗ್ನಮ್ ಲಂಡನ್ನಿನ ಹಾಲೆಂಡ್ ಆಂಡ್ ಹಾಲೆಂಡ್ ಸಂಸ್ಥೆಯಿಂದ 1925ರಲ್ಲಿ ಹೊರಬಂದಿತು. ಅಮೆರಿಕದಲ್ಲಿ ರಾಯ್ ವೆದರ್ಬಿ ಎಂಬಾತನು 1940ರ ದಶಕದಲ್ಲಿ ಇನ್ನೂ ವೇಗದ ತೋಟಾಗಳನ್ನು ರಚಿಸಿ, ಬೇಟೆಯಲ್ಲಿ ವೇಗವೇ ಮುಖ್ಯವೆಂದು ಸಾರಿದನು. ಐಡಾಹೊ ಸಂಸ್ಥಾನದ ಎಲ್ಮರ್ ಕೀತ್ ಎಂಬ ಲೇಖಕನು ಇದಕ್ಕೆ ಎದುರಾಗಿ ನಿಂತು, ದಪ್ಪನೆಯ ಭಾರವಾದ ಗುಂಡೇ ಮೇಲೆಂದು ವಾದಿಸಿದನು. ಈ ವಾದವು ಅಲ್ಲಿನ ಬೇಟೆಯ ಪತ್ರಿಕೆಗಳಲ್ಲಿ ಬಹುಕಾಲ ನಡೆಯಿತು.

ನಾವು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 1962ರಲ್ಲಿ ಬಂದು ಬಹಳ ಪ್ರಚಾರ ಪಡೆದ 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಮ್ ತೋಟಾದ ಒಂದು ಸಾಮಾನ್ಯ ಗುಂಡು 160 ಗ್ರೇನ್ ತೂಗುತ್ತದೆ. ಗ್ರೇನ್ ಎಂಬುದು ಧಾನ್ಯದ ಕಾಳಿನಿಂದ ಹುಟ್ಟಿದ ಹಳೆಯ ಅಳತೆ. ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ತೂಕದಲ್ಲಿ ಹೆಚ್ಚುಕಡಮೆ ಅರ್ಧ. ಎಂದರೆ ಗುಂಡಿನ ತೂಕ ಹತ್ತು ಗ್ರಾಮಿಗೆ ತುಸು ಮಿಗಿಲು. ಅದು ನಳಿಗೆಯ ಬಾಯಿಂದ ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ದೊರೆಯುವುದಷ್ಟೆ. ಲೆಕ್ಕ ಹಾಕಿದರೆ ಸುಮಾರು 4,200 ಜೌಲ್ ಆಗುತ್ತದೆ. 50 ಕಿಲೊಗ್ರಾಂ ತೂಗುವ ವಿದ್ಯಾರ್ಥಿಯೊಬ್ಬನನ್ನು ಎಂಟು ಮೀಟರಿಗೂ ಮೇಲಕ್ಕೆ ಎತ್ತಲು ಸಾಕಾಗುವ ಶಕ್ತಿ ಇದು!

ತೋಟಾದ ಒಳಗೆ

ಮಲೆನಾಡು ಕೊಡಗುಗಳ ಹಳೆಯ ಕೇಪಿನ ಕೋವಿಯನ್ನು ಕಂಡವರಿಗೆ ಮದ್ದು, ಗುಂಡು, ಕೇಪು ಎಂಬ ಮಾತುಗಳು ಹೊಸವಲ್ಲ. ಆ ಕೋವಿಯಲ್ಲಿ ಇವನ್ನು ಒಂದೊಂದಾಗಿ ಸೇರಿಸಬೇಕಾಗಿತ್ತು. ತೋಟಾದಲ್ಲಿ ಇವೆಲ್ಲವೂ ಒಂದು ಹಿತ್ತಾಳೆಯ ಕೋಶದಲ್ಲಿ ಅಡಕವಾಗಿವೆ. ಅಮೆರಿಕದಲ್ಲಿ ಅನೇಕ ಬೇಟೆಗಾರರು ಹಾರಿಸಿದ ತೋಟಾದ ಕೋಶವನ್ನು ಉಳಿಸಿಕೊಂಡು, ಅದನ್ನು ಮತ್ತೆ ಮೊದಲಿನ ಅಳತೆಗೆ ಒತ್ತಿ, ಹೊಸ ಕೇಪು ಕೂರಿಸಿ, ಮದ್ದನ್ನು ತಕ್ಕಡಿಯಲ್ಲಿ ತೂಗಿ ತುಂಬಿ, ತಮಗೆ ಬೇಕಾದ ಗುಂಡನ್ನು ತಾವೇ ಹೂಡುತ್ತಾರೆ. ಇದರಲ್ಲಿ ಹಣದ ಉಳಿತಾಯವುಂಟು. ಆದರೆ ಅದಕ್ಕಿಂತ ಮುಖ್ಯವಾದುದು, ಒಂದು ತೋಟಾ ಮತ್ತೊಂದರಂತೆಯೇ ಇರುವ ಸಮತೆ, ಮತ್ತು ಗುಂಡನ್ನು ಆರಿಸುವ ಸ್ವಾತಂತ್ರ್ಯ.

ಇಂದಿನ ಕೋವಿಯ ಮದ್ದು ಹೊಗೆಯಿಲ್ಲದ ಮದ್ದು. ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಜ್ಞನು ಇದನ್ನು 1884ರಲ್ಲಿ ತಯಾರಿಸಿದನು. ಇದರದು ಒಂದು ವಿಶೇಷ ಗುಣ: ಸುತ್ತಲಿನ ಒತ್ತಡ ಹೆಚ್ಚಿದಂತೆ ಇದು ಉರಿಯುವ ವೇಗವೂ ಹೆಚ್ಚುವುದು, ಉರಿಯುವ ವೇಗ ಹೆಚ್ಚಿದಂತೆ ಒತ್ತಡ ಇನ್ನೂ ಏರುವುದು. ಆದುದರಿಂದ ದೊಡ್ಡ ಕೋಶದ ಮ್ಯಾಗ್ನಮ್ ತೋಟಾಗಳಿಗೆ ನಿಧಾನವಾಗಿ ಉರಿಯುವ ಮದ್ದನ್ನೇ ಆರಿಸುತ್ತಾರೆ. ಅದು ಗುಂಡನ್ನು ಒಮ್ಮೆಗೇ ಗುದ್ದದೆ, ನಳಿಗೆಯ ಉದ್ದಕ್ಕೂ ತಳ್ಳುತ್ತ ಬರುತ್ತದೆ. ಹಾಗಿದ್ದರೂ ನಮ್ಮ ಉದಾಹರಣೆಯ ತೋಟಾದಲ್ಲಿ ಒತ್ತಡವು ವಾತಾವರಣದ ಒತ್ತಡದ ಸುಮಾರು 4,000 ಪಟ್ಟಿನವರೆಗೂ ಏರಬಲ್ಲುದು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರಲಿದೆ.

‘ಇನ್ನೊಂದು ಚಿಟಿಕೆ ಮದ್ದು ಹಾಕಿದರೆ ವೇಗ ಇನ್ನಷ್ಟು ಹೆಚ್ಚಬಾರದೇಕೆ?’ ಎಂಬ ಆಶೆಯೇ ಈ ಕೆಲಸದಲ್ಲಿ ದೊಡ್ಡ ಅಪಾಯ. ಗರಿಷ್ಠ ಮಿತಿಯ ಹತ್ತಿರ ಮದ್ದನ್ನು ಹೆಚ್ಚಿಸಿದರೆ ವೇಗ ತುಸುವೇ ಏರುವುದು, ಒತ್ತಡವಾದರೋ ಬಹಳ ಕಡಿದಾಗಿ ಏರುವುದು. ಕೋವಿ ಸಿಡಿದು ಕಣ್ಣು ಕೈ ಕಳೆದುಕೊಳ್ಳುವುದು ಇಂಥಲ್ಲಿಯೇ. ಆದುದರಿಂದ ಪ್ರಯೋಗಶಾಲೆಗಳಲ್ಲಿ ಒತ್ತಡವನ್ನು ಅಳೆದು ಪ್ರಕಟಿಸಿದ ಕೋಷ್ಟಕಗಳನ್ನು ಬಿಟ್ಟು ಯಾರೂ ತಮ್ಮ ಊಹೆಯಿಂದ ಮದ್ದು ತುಂಬಕೂಡದು. ಅನುಭವಿಗಳು ಕೋಷ್ಟಕದ ಕನಿಷ್ಠ ಪ್ರಮಾಣದಿಂದ ಹೊರಟು, ವೇಗಮಾಪಕದಿಂದ ಪ್ರತಿ ಈಡಿನ ವೇಗವನ್ನೂ ಅಳೆದು, ಅತಿ ಹೆಚ್ಚು ವೇಗದ ತೋಟಾವನ್ನಲ್ಲ, ಅತಿ ಸಮವಾದ ವೇಗದ ತೋಟಾವನ್ನು ಆರಿಸಿಕೊಳ್ಳುತ್ತಾರೆ.

ಗಾಳಿಯ ಸುಂಕ

ನಳಿಗೆಯನ್ನು ಬಿಟ್ಟ ಗುಂಡನ್ನು ಭೂಮಿ ಕೆಳಕ್ಕೆ ಸೆಳೆಯುತ್ತದೆ, ಗಾಳಿ ಹಿಂದಕ್ಕೆ ತಡೆಯುತ್ತದೆ. ಗಾಳಿಯನ್ನು ಗಣಿಸದೆ ಲೆಕ್ಕ ಹಾಕಿದರೆ, 900 ಮೀಟರ್ ವೇಗದ ಗುಂಡು 300 ಮೀಟರ್ ಸಾಗುವಷ್ಟರಲ್ಲಿ 54 ಸೆಂಟಿಮೀಟರ್ ಕೆಳಗಿಳಿಯುವುದು. 600 ಮೀಟರ್ ವೇಗದ್ದಾದರೆ 122 ಸೆಂಟಿಮೀಟರ್. ವೇಗದ ನಿಜವಾದ ಲಾಭ ಇದೇ: ದೂರದ ಅಂದಾಜಿನಲ್ಲಿ ಚಿಕ್ಕ ತಪ್ಪಾದರೂ ಗುಂಡು ಗುರಿಯಿಂದ ಬಹಳ ಕೆಳಗೆ ಬೀಳುವುದಿಲ್ಲ.

ಆದರೆ ಗಾಳಿಯ ತಡೆ ಸಣ್ಣದಲ್ಲ. ಇದನ್ನು ಮೊದಲು ಸರಿಯಾಗಿ ಅಳೆದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತೆಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ವಿಧಾನವನ್ನು ಅವನು 1742ರಲ್ಲಿ ಪ್ರಕಟಿಸಿದನು. ಗುಂಡಿಗೆ ಗಾಳಿಯೊಡ್ಡುವ ತಡೆ ಅಂದಿನ ವಿದ್ವಾಂಸರು ಎಣಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದೂ, ಶಬ್ದದ ವೇಗದ ಸಮೀಪದಲ್ಲಿ ಅದು ಥಟ್ಟನೆ ಏರುವುದೆಂದೂ ತೋರಿಸಿಕೊಟ್ಟನು. ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರನಾಗಿ ನಮ್ಮ ದೇಶಕ್ಕೆ ಬಂದ ಈತನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಒಂದೇ ಅಳತೆಯ ನಳಿಗೆಗೆ ಹಗುರವಾದ ಗುಂಡು ವೇಗವಾಗಿ ಹೊರಡುತ್ತದೆ; ಭಾರವಾದುದು ನಿಧಾನವಾಗಿ. ಆದರೆ ಅಡ್ಡಗಾತ್ರ ಒಂದೇ ಆಗಿರುವುದರಿಂದ ಭಾರವಾದ ನೀಳ ಗುಂಡನ್ನು ಗಾಳಿಯು ಅಷ್ಟು ಬೇಗ ನಿಲ್ಲಿಸಲಾರದು. ಹಗುರ ಗುಂಡು ಆರಂಭದಲ್ಲಿ ಗಳಿಸಿದುದನ್ನು ದಾರಿಯಲ್ಲಿ ಸುಂಕವಾಗಿ ತೆರುತ್ತದೆ.

ಒಗಟಿನ ಉತ್ತರ

ಈಗ ನೋಸ್ಲರನ ಮೂಸ್‌ಗೆ ಹಿಂದಿರುಗೋಣ. ಮಾಂಸಖಂಡದ ಬಹುಭಾಗ ನೀರು. ವೇಗವಾಗಿ ಬರುವ ಗುಂಡಿನ ಮೂತಿಯ ಮೇಲೆ ನೀರು ಹೇರುವ ಒತ್ತಡವನ್ನು ಹೀಗೆ ಅಂದಾಜು ಮಾಡಬಹುದು: ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. ವೇಗ 900 ಮೀಟರ್ ಆದಾಗ ಈ ಒತ್ತಡ ವಾತಾವರಣದ ಸುಮಾರು 4,000 ಪಟ್ಟು! ಎಂದರೆ, ನಳಿಗೆಯಲ್ಲಿ ಗುಂಡನ್ನು ಹಿಂದಿನಿಂದ ತಳ್ಳಿದ ಒತ್ತಡದಷ್ಟೇ ಒತ್ತಡ ಈಗ ಮುಂದಿನಿಂದ ಎದುರಾಗುತ್ತದೆ. ಆದರೆ ನಳಿಗೆಯೊಳಗೆ ಉಕ್ಕಿನ ಗೋಡೆ ಸುತ್ತಲೂ ಹಿಡಿದುಕೊಂಡಿತ್ತು, ಇಲ್ಲಿ ಹಿಡಿಯುವವರಿಲ್ಲ. ಸೀಸವು ಉಗುರಿಗೂ ಗೀರು ಬೀಳುವಷ್ಟು ಮೆದುವಾದ ಲೋಹ. ಅದರ ಮೇಲಿನ ತೆಳು ತಾಮ್ರದ ಹೊದಿಕೆ ಹರಿದೊಡನೆ ಗುಂಡು ಚೆದರಿಹೋಗುತ್ತದೆ. ಚೂರುಗಳು ಹಗುರವಾದುದರಿಂದ ಆಳಕ್ಕೆ ಇಳಿಯಲಾರವು.

ಹಾಗಾದರೆ ಗುಂಡನ್ನು ಕಲ್ಲಿನಂತೆ ಗಟ್ಟಿ ಮಾಡಿದರೆ ಸಾಲದೆ? ಸಾಲದು. ಅರಳದ ಗುಂಡು ಸೂಜಿಯಂತೆ ಹಾದುಹೋಗಿ, ಪ್ರಾಣಿ ಬಹುದೂರ ಓಡಿ ನರಳಿ ಸಾಯುವುದು. ಗುಂಡಿನ ಮೂತಿ ಅಣಬೆಯಂತೆ ಅರಳಬೇಕು, ಆದರೆ ಒಡೆಯಕೂಡದು. ಇದರ ಕಷ್ಟವನ್ನು ನೋಡಿ: ಬಹುದೂರ ಸಾಗಿ ವೇಗವು 600 ಮೀಟರಿಗೆ ಇಳಿದಾಗ ಮೂತಿಯ ಮೇಲಿನ ಒತ್ತಡ ಸುಮಾರು 1,800 ಪಟ್ಟಿಗೆ ಇಳಿಯುತ್ತದೆ. ಎಂದರೆ 1,800 ಪಟ್ಟಿಗೆ ಅರಳತಕ್ಕ ಗುಂಡೇ 4,000 ಪಟ್ಟಿಗೆ ಒಡೆಯದೆ ಉಳಿಯಬೇಕು. ನಿಧಾನದ ಕೋವಿಗಳಿಗೆ ಈ ಸಮಸ್ಯೆ ಇಷ್ಟು ತೀವ್ರವಲ್ಲ. ಮ್ಯಾಗ್ನಮ್ ತನ್ನ ವೇಗದಿಂದಲೇ ಇದನ್ನು ತಂದುಕೊಂಡಿದೆ.

ನೋಸ್ಲರನು ಊರಿಗೆ ಮರಳಿ ಯೋಚಿಸಿ ಒಂದು ಉಪಾಯ ಹೂಡಿದನು. ತಾಮ್ರದ ಹೊದಿಕೆಯ ನಡುವೆ ಅದೇ ಲೋಹದ ಒಂದು ಅಡ್ಡಗೋಡೆ. ಅದರ ಮುಂದೆ ಒಂದು ಸೀಸದ ತುಂಡು, ಹಿಂದೆ ಇನ್ನೊಂದು. ಮುಂದಿನ ಭಾಗ ಎಷ್ಟೇ ಅರಳಿ ಹರಿದರೂ ಗೋಡೆಯ ಬಳಿ ಅದು ನಿಲ್ಲುವುದು. ಹಿಂದಿನ ಅರ್ಧ ಇಡಿಯಾಗಿ ಮುಂದೊತ್ತುವುದು. ‘ಪಾರ್ಟಿಷನ್’ ಎಂಬ ಹೆಸರಿನ ಈ ಗುಂಡನ್ನು ತಯಾರಿಸಲು ಅವನು 1948ರಲ್ಲಿ ಸಂಸ್ಥೆಯೊಂದನ್ನು ತೆರೆದನು. ಮುಂದೆ ಸೀಸವನ್ನು ಹೊದಿಕೆಗೆ ಬೆಸೆದ ಗುಂಡುಗಳು ಬಂದುವು. 1989ರಲ್ಲಿ ಬಾರ್ನ್ಸ್ ಸಂಸ್ಥೆಯು ಸೀಸವೇ ಇಲ್ಲದ, ಅಪ್ಪಟ ತಾಮ್ರದ ಗುಂಡನ್ನು ತಂದಿತು. ಇದರ ಮೂತಿಯಲ್ಲಿ ಒಂದು ಕುಳಿಯುಂಟು. ತಗುಲಿದೊಡನೆ ಅದು ನಾಲ್ಕು ದಳಗಳಾಗಿ ಬಿಚ್ಚಿಕೊಳ್ಳುವುದು, ತೂಕ ಬಹುಮಟ್ಟಿಗೆ ಹಾಗೆಯೇ ಉಳಿಯುವುದು.

ತಾಮ್ರಕ್ಕೂ ತನ್ನದೇ ನಿಯಮಗಳುಂಟು. ಸೀಸಕ್ಕಿಂತ ಸಾಂದ್ರತೆ ಕಡಮೆಯಾದುದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗುವುದು. ಉದ್ದವಾದ ಗುಂಡು ಬುಗುರಿಯಂತೆ ನೆಟ್ಟಗೆ ನಿಲ್ಲಲು ಹೆಚ್ಚು ತಿರುಗಬೇಕು. ಆ ತಿರುಗಣೆಯನ್ನು ಕೊಡುವುದು ನಳಿಗೆಯೊಳಗಿನ ಸುರುಳಿ ಗೀರುಗಳು. ಅವು 23 ಸೆಂಟಿಮೀಟರಿಗೆ ಒಂದು ಸುತ್ತಿನಂತಿದ್ದರೆ ನಮ್ಮ ಗುಂಡು ಸೆಕೆಂಡಿಗೆ 3,900 ಸುತ್ತುಗಳಷ್ಟು ತಿರುಗುತ್ತದೆ. ಆದುದರಿಂದ ತಾಮ್ರವನ್ನು ಆರಿಸುವವರು 160 ಗ್ರೇನಿನ ಬದಲು 140 ಗ್ರೇನಿನ ಗುಂಡನ್ನು ಆರಿಸುವುದುಂಟು. ಒಡೆಯದ ಗುಂಡಿಗೆ ತೂಕದ ದಾಸ್ತಾನು ಅಷ್ಟಾಗಿ ಬೇಡ. ಒಂದು ಎಚ್ಚರಿಕೆ: ಸೀಸದ ಗುಂಡಿಗೆ ಬರೆದ ಮದ್ದಿನ ಕೋಷ್ಟಕವನ್ನು ಅದೇ ತೂಕದ ತಾಮ್ರದ ಗುಂಡಿಗೆ ಬಳಸಕೂಡದು. ಅದು ಕೋಶದೊಳಗೆ ಹೆಚ್ಚು ಜಾಗ ಹಿಡಿಯುತ್ತದೆ, ನಳಿಗೆಯನ್ನು ಹೆಚ್ಚು ಬಿಗಿಯಾಗಿ ಹೊಗುತ್ತದೆ, ಒತ್ತಡ ಬದಲಾಗುತ್ತದೆ.

ಆಕಾಶದಿಂದ ಬಂದ ಸಾಕ್ಷಿ

ಚೆದರಿದ ಸೀಸದ ಕಥೆ ಮೂಸ್‌ನೊಂದಿಗೆ ಮುಗಿಯಲಿಲ್ಲ. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋದ ಕರುಳು ಮಾಂಸಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಸದ ಕಣಗಳು ಉಳಿಯುತ್ತವೆ. ಅದನ್ನು ತಿನ್ನುವ ಹದ್ದುಗಳ ಜಠರದ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಗೃಧ್ರವು 1982ರಲ್ಲಿ ಕೇವಲ 22 ಉಳಿದಿದ್ದಿತು. ಹಿಡಿದು ಸಾಕಿ ಮರಿ ಮಾಡಿಸಿ 1992ರಿಂದ ಮತ್ತೆ ಕಾಡಿಗೆ ಬಿಟ್ಟರೂ, ಅವುಗಳ ಮರಣಕ್ಕೆ ಮುಖ್ಯ ಕಾರಣ ಸೀಸದ ವಿಷವೇ ಎಂದು ಕಂಡುಬಂದಿತು. 2013ರಲ್ಲಿ ಕಾನೂನು ಮಾಡಿದ ಕ್ಯಾಲಿಫೋರ್ನಿಯಾ ಸಂಸ್ಥಾನವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. ಆಳಕ್ಕೆ ಇಳಿಯಲೆಂದು ಹುಟ್ಟಿದ ತಾಮ್ರದ ಗುಂಡು ಹೀಗೆ ಪಕ್ಷಿಯ ಪ್ರಾಣವನ್ನೂ ಕಾಯುವಂತಾಯಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ತಿದ್ದುಪಡಿಗಳೂ ಬೇಟೆಯನ್ನು ನಿಷೇಧಿಸಿವೆ. ಆದರೆ ಈ ಪಾಠ ನಮಗೂ ಹೊಸದಲ್ಲ. ದನಗಳಿಗೆ ಕೊಟ್ಟ ಡೈಕ್ಲೊಫಿನ್ಯಾಕ್ ಎಂಬ ನೋವಿನ ಔಷಧ ಅವುಗಳ ಕಳೇಬರದ ಮೂಲಕ ನಮ್ಮ ರಣಹದ್ದುಗಳನ್ನು ಕೊಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷಿದ್ಧವಾಯಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವು ರಣಹದ್ದುಗಳ ಧಾಮವಾದುದು ಆ ನಷ್ಟದ ನೆರಳಿನಲ್ಲಿಯೇ.

ವೆದರ್ಬಿ ಮತ್ತು ಕೀತರ ವಾದದಲ್ಲಿ ಗೆದ್ದವರು ಯಾರು? ಇಬ್ಬರೂ ಅರ್ಧ ಸತ್ಯವನ್ನು ಹಿಡಿದಿದ್ದರು. ವೇಗವು ಗುಂಡನ್ನು ಗುರಿಯವರೆಗೆ ನೇರವಾಗಿ ಒಯ್ಯುವುದು. ಅಲ್ಲಿಂದ ಮುಂದಿನ ಒಂದು ಗೇಣಿನ ದಾರಿಯಲ್ಲಿ ಕೆಲಸ ಮಾಡುವುದು ಗುಂಡಿನ ರಚನೆ. ಮದ್ದನ್ನು ಹೆಚ್ಚಿಸಿ ವೇಗವನ್ನು ಗಳಿಸುವುದು ಸುಲಭ. ಆ ವೇಗವನ್ನು ತಾಳಬಲ್ಲ ಗುಂಡನ್ನು ಆರಿಸಲು ವಿವೇಕ ಬೇಕು. ಕೆಸರು ಮೆತ್ತಿದ ಆ ಮೂಸ್ ನೋಸ್ಲರನಿಗೆ ಕಲಿಸಿದುದು ಇದನ್ನೇ.