ಮೂವತ್ತು ಇಂಚಿನ ಬೇಸ್ ಮಕ್ಕಳ ವಾದ್ಯವೇ?

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳನ್ನು ದಾಟಿ, ಚಿಕ್ಕಪೇಟೆಯ ಗದ್ದಲದಲ್ಲಿ ನುಸುಳಿ ಬಳೇಪೇಟೆ ಸೇರಿದರೆ ಹಾರ್ಮೋನಿಯಂ, ತಬಲ, ಮೃದಂಗದ ಅಂಗಡಿಗಳು ಸಿಗುತ್ತವೆ. ಅಕ್ಕನ ಮಗಳಿಗೆ ಬೇಸ್ ಗಿಟಾರ್ ಬೇಕೆಂದು ಹೋಗಿದ್ದೆವು. ಗೋಡೆಗೆ ತೂಗಿಸಿದ್ದ ಚಿಕ್ಕ ಬೇಸ್ ಕಡೆ ಅವಳು ಕೈ ಚಾಚುತ್ತಿದ್ದಂತೆ ಪಕ್ಕದಲ್ಲಿದ್ದ ಗಿರಾಕಿಯೊಬ್ಬರು, “ಅದು ಮಕ್ಕಳದ್ದಮ್ಮಾ, ದೊಡ್ಡದೇ ತಗೋ” ಎಂದರು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಒಳ್ಳೇ ಮನಸ್ಸಿನಿಂದ ಹೇಳಿದ ಆ ಮಾತು ಎಷ್ಟು ಜನರ ಆಯ್ಕೆ ಕೆಡಿಸಿದೆಯೋ! ಚಿಕ್ಕ ಬೇಸ್ ಬಗ್ಗೆ ಇರುವ ಇಂಥ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

“ಚಿಕ್ಕ ಬೇಸ್ ಕಲಿಯುವವರಿಗೆ ಮಾತ್ರ.”
ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ, ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಚಿಕ್ಕ ಅಳತೆಯದೇ (ಅಳತೆ ಎಂದರೆ ಕಂಪಿಸುವ ತಂತಿಯ ಉದ್ದ). ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ನುಡಿಸಿದ ಗಿಬ್ಸನ್ ಇಬಿ-3 ಕೂಡ 30.5 ಇಂಚಿನದು. ಇಷ್ಟು ಸಾಕು.

“ತಂತಿ ಗಿಡ್ಡವಾದರೆ ಸ್ವರ ಮೇಲೇರುತ್ತದೆ.”
“ಮಾಮ, ಮಂದ್ರ ಸ್ವರ ಬರುತ್ತಾ ಇದರಲ್ಲಿ?” ಎಂದು ಅವಳೂ ಕೇಳಿದಳು. ಹೆಂಗಸರ ತಂಬೂರಿ ಚಿಕ್ಕದು, ಶ್ರುತಿ ಎತ್ತರದ್ದು. ಅದನ್ನು ಕಂಡವರಿಗೆ ಈ ಅನುಮಾನ ಸಹಜ. ಆದರೆ ಸ್ವರವನ್ನು ತಂತಿಯ ಉದ್ದವೊಂದೇ ನಿರ್ಧರಿಸುವುದಿಲ್ಲ. ಬಿಗಿತ, ದಪ್ಪ ಎರಡೂ ಸೇರುತ್ತವೆ. ಬಿರಡೆ ತಿರುಗಿಸಿದರೆ ಅದೇ ತಂಬೂರಿಯ ಶ್ರುತಿ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ. ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ನ 34 ಇಂಚೇ ಇಂದಿಗೂ ‘ದೊಡ್ಡ’ ಅಳತೆ. 34 ಇಂಚಿರಲಿ, 30 ಇಂಚಿರಲಿ, ಎಲ್ಲಕ್ಕಿಂತ ದಪ್ಪನೆಯ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಸಲವೇ ಕಂಪಿಸುತ್ತದೆ. ಅದೇ ದಪ್ಪದ ತಂತಿ ಹಾಕಿದರೆ ಚಿಕ್ಕದರಲ್ಲಿ ಬಿಗಿತ ಶೇ 22ರಷ್ಟು ಕಡಿಮೆ, ಅಷ್ಟೇ.

ಈ ಸಡಿಲದಿಂದ ನಾದದ ಬಣ್ಣ ಬದಲಾಗುವುದು ನಿಜ. ಚಿಕ್ಕದರ ದನಿ ದುಂಡಗೆ, ಮೆತ್ತಗೆ. ದೊಡ್ಡದರಲ್ಲಿ ಅಂಚು ಸ್ಪಷ್ಟ. ಶ್ರುತಿಯನ್ನು ಇನ್ನೂ ಕೆಳಗಿಳಿಸಿ ಮೆಟಲ್ ನುಡಿಸುವ ಆಸೆ ಇದ್ದರೆ ದೊಡ್ಡದೇ ಒಳ್ಳೆಯದು. ಹಾಡಿಗೆ ಬೆಂಬಲವಾಗಿ ನುಡಿಸುವವರಿಗೆ ನನ್ನ ಮತ ಚಿಕ್ಕದಕ್ಕೇ.

ಕೈಗೆ ಆಗುವ ಲಾಭವನ್ನು ಅಳೆದೇ ನೋಡಬಹುದು. ಮೊದಲನೇ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ದೊಡ್ಡ ಬೇಸ್‌ನಲ್ಲಿ ಸುಮಾರು 13 ಸೆಂಟಿಮೀಟರ್, ಚಿಕ್ಕದರಲ್ಲಿ ಹನ್ನೊಂದೂವರೆ. ಅಕ್ಕನ ಮಗಳ ಕಿರುಬೆರಳು ದೊಡ್ಡದರಲ್ಲಿ ನಾಲ್ಕನೇ ಫ್ರೆಟ್ ಮುಟ್ಟಲು ಮಣಿಕಟ್ಟು ಸೊಟ್ಟಗಾಗುತ್ತಿತ್ತು. ಚಿಕ್ಕದರಲ್ಲಿ ಬೆರಳು ತಾನಾಗಿ ಹೋಗಿ ಕೂತಿತು.

“ಚಿಕ್ಕದು, ಹಾಗಾಗಿ ಹೆಗಲಿಗೆ ಹಗುರ.”
ಎಲ್ಲವೂ ಹಾಗಿಲ್ಲ. ಒಡಲು ಚಿಕ್ಕದಾಗಿ ಕುತ್ತಿಗೆ ಭಾರವಾಗಿದ್ದರೆ ವಾದ್ಯ ನೆಲದ ಕಡೆ ವಾಲುತ್ತದೆ, ಎಡಗೈ ಅದನ್ನು ಹೊತ್ತುಕೊಂಡೇ ನುಡಿಸಬೇಕು. ಪಟ್ಟಿ ಹಾಕಿಕೊಂಡು ನಿಂತು, ಎರಡೂ ಕೈ ಬಿಟ್ಟು ನೋಡಿ.

“ತಂತಿ ಯಾವುದಾದರೇನು, ಕತ್ತರಿಸಿದರಾಯಿತು.”
ಇದು ದುಡ್ಡು ಹಾಳುಮಾಡುವ ನಂಬಿಕೆ. ದೊಡ್ಡ ಅಳತೆಯ ತಂತಿಯನ್ನು ಚಿಕ್ಕ ಬೇಸ್‌ಗೆ ಹಾಕಿದರೆ ಅದರ ದಪ್ಪ ಸುರುಳಿಯ ಭಾಗವೇ ಬಿರಡೆಗೆ ಸುತ್ತಿಕೊಳ್ಳಬೇಕಾಗುತ್ತದೆ. ಅಲ್ಲಿ ಮುರಿಯಬಹುದು, ಸುರುಳಿ ಬಿಚ್ಚಿಕೊಂಡು ದನಿ ಸಾಯಬಹುದು. ‘ಶಾರ್ಟ್ ಸ್ಕೇಲ್’ ಎಂದು ಬರೆದ ಸೆಟ್ಟೇ ಬೇಕು. ‘ಇ’ ತಂತಿ ತೀರಾ ಸಡಿಲ ಅನಿಸಿದರೆ ಒಂದು ಅಳತೆ ದಪ್ಪದ್ದು ಹಾಕಿಸಿ.

ಅಂಗಡಿಗೆ ಹೋಗುವಾಗ ದರ್ಜಿಯವರ ಟೇಪೊಂದು ಜೇಬಿನಲ್ಲಿರಲಿ. ತಲೆಯ ಬಳಿಯ ನಟ್‌ನಿಂದ 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿ: 30 ಇಂಚು ಬಂದರೆ ಚಿಕ್ಕದು, 34 ಬಂದರೆ ದೊಡ್ಡದು. ಆಂಪ್ಲಿಫೈಯರ್‌ಗೆ ಜೋಡಿಸಿ ಹತ್ತು ನಿಮಿಷ ‘ಇ’ ತಂತಿಯನ್ನೇ ನುಡಿಸಿ ಕೇಳಿ. ಕೊಳ್ಳುವುದಾದರೆ ತಂತಿಯ ಇನ್ನೊಂದು ಸೆಟ್ಟನ್ನೂ ಅದೇ ದಿನ ತಂದುಬಿಡಿ.