ಯೀಸ್ಟ್‌ನ ಕ್ಯಾಲ್ಸಿಯಂ ಪಂಪ್ ಮತ್ತು ವಾಸಿಯಾಗದ ಚರ್ಮದ ಹುಣ್ಣು

ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತು ಕೆಲಸಕ್ಕೆ ಹೋಗುವವರಿಗೆ ಮೇ ತಿಂಗಳ ಬೆವರು ಹೊಸದಲ್ಲ. ಆದರೆ ಕಂಕುಳು, ತೊಡೆಸಂದು, ಕುತ್ತಿಗೆಯಲ್ಲಿ ಉರಿಯುವ ಹುಣ್ಣು ಮತ್ತೆ ಮತ್ತೆ ಏಳುತ್ತಿದೆಯೇ? ತಂದೆಗೋ ತಾಯಿಗೋ ಹಾಗೆಯೇ ಇತ್ತೇ? ಹಾಗಿದ್ದರೆ ಅದು ಹುಳುಕಡ್ಡಿ ಆಗಿರದೆ, ಹೈಲಿ-ಹೈಲಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಯೂ ಇರಬಹುದು. ಇದರ ಮೂಲ ತಿಳಿಯಲು ಯೀಸ್ಟ್ ನೆರವಾಗುತ್ತದೆ.

ಯೀಸ್ಟ್ ಕಲಿಸಿದ್ದೇನು?

ಪಾವ್ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಒಂದೇ ಜೀವಕೋಶದ ಜೀವಿ. ನಮ್ಮ ಜೀವಕೋಶಗಳಂತೆ ಅದೂ ಪ್ರೋಟೀನ್ ತಯಾರಿಸಿ ಹೊರಗೆ ಕಳಿಸುತ್ತದೆ. ಅದಕ್ಕೂ ಮೊದಲು, ಗಾಲ್ಗಿ ಎಂಬ ಭಾಗದಲ್ಲಿ ಪ್ರೋಟೀನಿಗೆ ಸಕ್ಕರೆಯ ಸರಪಳಿ ಜೋಡಿಸಿ, ವಿಂಗಡಿಸುವ ಕೆಲಸ ನಡೆಯುತ್ತದೆ. ಇದಕ್ಕೆ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಬೇಕು. ಅವನ್ನು ಗಾಲ್ಗಿಯೊಳಕ್ಕೆ ತುಂಬುವ ಪಂಪಿನ ಹೆಸರು ಪಿಎಂಆರ್1. ಈ ಪಂಪ್ ಕೆಟ್ಟರೆ ಯೀಸ್ಟ್‌ನ ಪ್ರೋಟೀನ್ ಸಾಗಣೆಯೇ ಏರುಪೇರಾಗುತ್ತದೆ ಎಂದು 1989ರಲ್ಲಿ ವಿಜ್ಞಾನಿಗಳು ತೋರಿಸಿದರು. ಪ್ರೋಟೀನ್ ಹೊರಗೆ ಬರುತ್ತಿತ್ತು, ಆದರೆ ಸಕ್ಕರೆ ಸರಪಳಿ ಅಪೂರ್ಣವಾಗಿರುತ್ತಿತ್ತು.

ನಮ್ಮ ಚರ್ಮಕ್ಕೂ ಇದಕ್ಕೂ ಏನು ಸಂಬಂಧ?

ಅಂಥದೇ ಪಂಪ್ ನಮ್ಮಲ್ಲೂ ಇದೆ. ಅದನ್ನು ರೂಪಿಸುವ ವಂಶವಾಹಿ ಎಟಿಪಿ2ಸಿ1. ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಹೈಲಿ-ಹೈಲಿ ಬರುತ್ತದೆ ಎಂಬುದು 2000ದಲ್ಲಿ ತಿಳಿಯಿತು. ಆಗ ಚರ್ಮದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಬೆಸುಗೆ ಸಡಿಲವಾಗುತ್ತದೆ. ಬೆವರು, ಶಾಖ, ತಿಕ್ಕಾಟ ಸೇರಿದರೆ ಚರ್ಮ ಬಿರಿದು ಗುಳ್ಳೆ ಏಳುತ್ತದೆ.

ಇದು ಅಂಟುರೋಗವಲ್ಲ. ಆದರೆ ಕಾಯಿಲೆ ಇರುವವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50.

ಕ್ಯಾಲ್ಸಿಯಂ ಮಾತ್ರೆಯಿಂದ ವಾಸಿಯಾಗುವುದೇ?

ಇಲ್ಲ. ಇಲ್ಲಿ ಕೊರತೆ ಇರುವುದು ಕ್ಯಾಲ್ಸಿಯಂನಲ್ಲಲ್ಲ, ಅದನ್ನು ಸಾಗಿಸುವ ಪಂಪಿನಲ್ಲಿ. ತೊಟ್ಟಿ ತುಂಬಿದ್ದರೂ ಮೋಟರ್ ಕೆಟ್ಟರೆ ನೀರು ಮೇಲಿನ ಮಹಡಿಗೆ ಏರುವುದಿಲ್ಲ. ಹಾಗೆಂದು ಮೂಳೆಗಾಗಿ ವೈದ್ಯರು ಬರೆದ ಕ್ಯಾಲ್ಸಿಯಂ ಮಾತ್ರೆಯನ್ನು ನಿಲ್ಲಿಸಬೇಡಿ.

ನೀವು ಏನು ಮಾಡಬಹುದು?

• ಸ್ಟಿರಾಯ್ಡ್ ಬೆರೆಸಿದ ಕ್ರೀಮನ್ನು ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಹಚ್ಚಬೇಡಿ. ಚರ್ಮ ತೆಳುವಾಗುತ್ತದೆ, ನಿಜವಾದ ಕಾಯಿಲೆ ಮರೆಯಾಗುತ್ತದೆ.
• ಚರ್ಮರೋಗ ತಜ್ಞರಿಗೆ ತೋರಿಸಿ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ. ಮನೆಯಲ್ಲಿ ಬೇರೆಯವರಿಗೂ ಹೀಗಿದ್ದರೆ ಮರೆಯದೆ ಹೇಳಿ. ಚರ್ಮದ ಸಣ್ಣ ಚೂರನ್ನು ತೆಗೆದು ಪರೀಕ್ಷಿಸಬೇಕಾಗಬಹುದು.
• ಸಡಿಲವಾದ ಹತ್ತಿ ಬಟ್ಟೆ ಧರಿಸಿ, ಬೆವರಿದ ಬಟ್ಟೆಯನ್ನು ಬೇಗ ಬದಲಿಸಿ.
• ಕೀವು, ಜ್ವರ, ದಿಢೀರನೆ ಹೆಚ್ಚುವ ನೋವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ.

ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ, ಆದರೆ ಹತೋಟಿಯಲ್ಲಿಡಬಹುದು. ಮನೆಯವರು ಬಟ್ಟೆ, ಹಾಸಿಗೆಯನ್ನು ಬೇರೆ ಇಡುವ ಅಗತ್ಯವೂ ಇಲ್ಲ.